ಹಡಗಿಗೆ ಹೊರಟ ನಾಯಿ

ನನ್ನ ಗಂಡ ಹಡಗಿನಲ್ಲಿ ಕೆಲಸ ಮಾಡುವವರು. ಹಡಗು ಎಂದರೆ ಮಲ್ಪೆಯ ಮೀನಿನ ಬೋಟಲ್ಲ, ಸರಕಿನ ಹಡಗೂ ಅಲ್ಲ. ದುಡ್ಡಿರುವವರು ಸಮುದ್ರದ ಮೇಲೆ ತಿಂದು, ಕುಣಿದು, ಮಲಗಿ ಬರುವ ಕ್ರೂಸ್ ಹಡಗು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕೋಣೆಗಳ ಹಾಸಿಗೆ ಬದಲಿಸುವುದು, ಟವೆಲು ಮಡಚಿ ಆನೆ, ಹಂಸ ಮಾಡಿ ಇಡುವುದು ಅವರ ಕೆಲಸ. ಒಂಬತ್ತು ತಿಂಗಳು ಅಲ್ಲಿ, ಎರಡು ತಿಂಗಳು ಕಾಪುವಿನ ನಮ್ಮ ಮನೆಯಲ್ಲಿ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾಯಿತು. ಒಟ್ಟಿಗೆ ಇದ್ದ ದಿನಗಳನ್ನು ಕೂಡಿಸಿದರೆ ಆರು ವರ್ಷ ದಾಟಲಿಕ್ಕಿಲ್ಲ. ಯಾರಾದರೂ ಕೇಳಿದರೆ ಇದನ್ನು ನಗುತ್ತಾ ಹೇಳುತ್ತೇನೆ. ಬರೆಯುವಾಗ ನಗು ಬರುವುದಿಲ್ಲ.

ರಜೆಯಲ್ಲಿ ಬಂದಾಗ ಅವರ ಬಾಯಲ್ಲಿ ಕಥೆಯೋ ಕಥೆ. ಅದರಲ್ಲಿ ನನಗೂ ಮಗಳಿಗೂ ಮೆಚ್ಚಿನವು ಪ್ರಾಣಿಗಳ ಕಥೆಗಳು. ಅವರ ಹಡಗಿಗೆ ಸಾಕಿದ ಪ್ರಾಣಿಗಳನ್ನು ತರುವಂತಿಲ್ಲ. ಆದರೆ ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ, ಫಿಟ್ಸ್ ಬರುವ ಮೊದಲೇ ಎಚ್ಚರಿಸುವ ನಾಯಿ, ಇಂಥವಕ್ಕೆ ಅಡ್ಡಿಯಿಲ್ಲ. ಅವುಗಳಿಗೆ ಸರ್ವಿಸ್ ನಾಯಿ ಎಂದು ಹೆಸರು, ಗುರುತಿಗೆ ಮೈಮೇಲೊಂದು ಕೋಟು. ನಿಜವಾದ ಸರ್ವಿಸ್ ನಾಯಿಯ ವಿಷಯ ಹೇಳುವಾಗ ಅವರ ಸ್ವರದಲ್ಲೇ ಒಂದು ಮರ್ಯಾದೆ ಇರುತ್ತಿತ್ತು. ಮೂಗಿನ ಎದುರು ಕೋಳಿಯ ತುಂಡು ಬಿದ್ದರೂ ಅದು ತಿರುಗಿ ನೋಡುವುದಿಲ್ಲವಂತೆ, ಯಜಮಾನನ ಕಾಲನ್ನೇ ನೋಡುತ್ತಾ ಇರುತ್ತದಂತೆ.

ಉಳಿದವೆಲ್ಲ ಕಳ್ಳಮಾಲು. ಮನೆಯಲ್ಲಿ ಮುದ್ದಿಗೆ ಸಾಕಿದ ನಾಯಿಗೆ ಅಂಗಡಿಯಿಂದ ಒಂದು ಕೋಟು ತಂದು ಹಾಕುವುದು, ಎಲ್ಲಿಂದಲೋ ಒಂದು ಕಾಗದ ಹುಟ್ಟಿಸುವುದು, ಹತ್ತಿಬಿಡುವುದು. ಒಬ್ಬ ಹೆಂಗಸು ಪಾಮರೇನಿಯನ್ ನಾಯಿಯನ್ನು ಮಕ್ಕಳ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದಳಂತೆ. ಇದು ಏನು ಸಹಾಯ ಮಾಡುತ್ತದೆ ಎಂದು ಅಧಿಕಾರಿ ಕೇಳಿದ್ದಕ್ಕೆ, ನಾನು ಅತ್ತರೆ ಮುಖ ನೆಕ್ಕುತ್ತದೆ ಎಂದಳಂತೆ. ಹಡಗು ಹೊರಟು ಒಂದು ಗಂಟೆಯಲ್ಲಿ ಆ ನಾಯಿಗೆ ಸಮುದ್ರದ ತಲೆತಿರುಗು ಹಿಡಿಯಿತು. ಮೂರು ದಿನ ಅವಳು ಅದರ ಬೆನ್ನು ನೀವುತ್ತಾ, ಮಾತ್ರೆ ಕೊಡುತ್ತಾ ಕುಳಿತಳು. ಸರ್ವಿಸ್ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು ಎಂದು ಯಾರಿಗೂ ಗೊತ್ತಾಗಲಿಲ್ಲ. ಇನ್ನೊಬ್ಬ ಗಿಳಿ ತಂದಿದ್ದ. ತನಗೆ ಬಿ.ಪಿ. ಏರಿದರೆ ಅದು ಕೂಗಿ ಹೇಳುತ್ತದೆ ಎಂದು ಅವನ ವಾದ. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು, ಅದೂ ಬೈಗುಳ. ಊಟದ ಹಾಲ್‌ನಲ್ಲಿ ಅದು ಬಾಯಿ ತೆರೆದ ಮೇಲೆ ಉಳಿದವರ ಬಿ.ಪಿ. ಏರಿತು. ಕೋಟು ತೊಟ್ಟ ಬೆಕ್ಕೊಂದು ಅಡುಗೆಮನೆಗೆ ನುಗ್ಗಿ ಮೀನಿನ ತಟ್ಟೆಯ ಮೇಲೆ ಸಿಕ್ಕಿಬಿದ್ದದ್ದೂ ಉಂಟು.

ಇದನ್ನೆಲ್ಲ ಗುಡಿಸಿ ಒರೆಸಿದವರು ನನ್ನ ಗಂಡ. "ಆ ಪಾಮರೇನಿಯನ್‌ಗೆ ಬಾಲ್ಕನಿ ಇರುವ ರೂಮು, ನನಗೆ ಕಿಟಕಿಯೇ ಇಲ್ಲದ್ದು," ಎಂದು ಹೇಳಿ ನಗುತ್ತಿದ್ದರು. ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಯಾರದೋ ನಾಯಿ ಅವರಿರುವ ಹಡಗಿನಲ್ಲಿ ತಿರುಗುತ್ತದೆ, ಕಟ್ಟಿಕೊಂಡ ಹೆಂಡತಿಗೆ ಆ ಹಡಗಿನ ಮೆಟ್ಟಿಲೂ ಗೊತ್ತಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ನಮ್ಮ ಕಡೆ ಹಡಗಿನವರ ಮನೆಗಳಲ್ಲಿ ಒಂದು ಕಟ್ಟಳೆ ಉಂಟು. ಶಿರ್ವದ ಗಲ್ಫ್ ಮನೆಗಳಲ್ಲೂ ಅದನ್ನು ನೋಡಿದ್ದೇನೆ. ಫೋನಿನಲ್ಲಿ ಬೇಸರದ ಸುದ್ದಿ ಹೇಳಬಾರದು. ಮೊದಲ ಸಲ ಅವರು ಹೋದಾಗ ನನ್ನ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು: ಅವನು ನೀರಿನ ಮೇಲೆ ಇರುವವನು, ಅಲ್ಲಿಂದ ಅವನಿಗೆ ಮಾಡಲಿಕ್ಕೆ ಆಗುವುದು ಎಂತ ಉಂಟು, ಸುಮ್ಮನೆ ಮನಸ್ಸು ಕೆಡಿಸಬೇಡ. ಅಂದಿನಿಂದ ನಮ್ಮ ಮನೆಯಲ್ಲಿ ಫೋನು ಬಂದಾಗೆಲ್ಲ ಎಲ್ಲವೂ ಆರಾಮ. ಮಳೆಗೆ ಆವರಣದ ಗೋಡೆ ಬಿದ್ದದ್ದು, ಮಗಳು ಗಣಿತದಲ್ಲಿ ಫೇಲಾದದ್ದು, ನನಗೆ ಪಿತ್ತಕೋಶದ ಆಪರೇಷನ್ ಆದದ್ದು, ಎಲ್ಲವನ್ನೂ ಅವರು ಮನೆಗೆ ಬಂದು ಎರಡು ದಿನ ಊಟ ಮಾಡಿದ ಮೇಲೆ ಹೇಳಿದೆ. ಅವರೂ ಕಡಿಮೆಯವರಲ್ಲ. ಕೈ ಮುರಿದದ್ದನ್ನು ಒಂದು ವರ್ಷ ಹೇಳಿರಲಿಲ್ಲ.

ಮೂರು ವರ್ಷದ ಹಿಂದಿನ ರಜೆಯಲ್ಲಿ ಅವರು ಬೆಳಿಗ್ಗೆ ಮೀನಿಗೆಂದು ಮಲ್ಪೆಗೆ ಹೋದವರು ಒಂದು ನಾಯಿಯನ್ನೂ ತಂದರು. ತಂದದ್ದಲ್ಲ, ಬಂದದ್ದು ಎಂದು ಈಗಲೂ ವಾದಿಸುತ್ತಾರೆ. ಏಲಂ ಆಗುವ ಜಾಗದಿಂದ ಐಸ್ ಪ್ಲಾಂಟಿನವರೆಗೆ ಹಿಂದೆಯೇ ನಡೆದು ಬಂತಂತೆ, ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ತಾನೇ ಹತ್ತಿ ಕುಳಿತಿತಂತೆ. ಕಂದು ಬಣ್ಣದ ಊರು ನಾಯಿ, ಎಡಕಿವಿ ಅರ್ಧ ಮಾತ್ರ. ಮೂರು ವಾರ ಅವರ ಕಾಲಡಿ ಬಿಡದೆ ಇತ್ತು. ನಾಲ್ಕನೆಯ ವಾರ ಅವರು ಹೊರಟುಹೋದರು. ನಾಯಿ ಗೇಟಿನ ಕೆಳಗಿನ ಸರಳಿಗೆ ಗಲ್ಲ ಇಟ್ಟು ರಸ್ತೆ ನೋಡುತ್ತಾ ಮಲಗಿತು. ಐದು ದಿನ ಅನ್ನ ಮುಟ್ಟಲಿಲ್ಲ. ಅಂದಿನಿಂದ ಅವರು ಹೋದಾಗಲೆಲ್ಲ ಅದು ಹಾಗೆಯೇ. ಸ್ಪೀಕರಿನಲ್ಲಿ ಅವರ ಸ್ವರ ಕೇಳಿದರೆ ಎದ್ದು ಬಂದು ಫೋನಿನ ಹಿಂದೆ ಹುಡುಕುತ್ತದೆ.

ಹೋದ ವರ್ಷ ಅವರ ಹಡಗು ಕೊಚ್ಚಿಯಿಂದ ತಿರುಗಾಟ ಶುರುಮಾಡಿತು. ಕೆಲಸದವರ ಹೆಂಡತಿಯರು ಐದು ದಿನ ಹಡಗಿನಲ್ಲಿ ಬಂದು ಇರಬಹುದೆಂದು ಕಂಪೆನಿಯವರು ಹೇಳಿದರು. ಇಂಥ ಅವಕಾಶ ಹಿಂದೆಯೂ ಬಂದಿತ್ತು. ಒಮ್ಮೆ ಮಗಳ ಪರೀಕ್ಷೆ, ಒಮ್ಮೆ ಅತ್ತೆಯ ಮಂಡಿನೋವು, ಒಮ್ಮೆ ಮನೆಯ ತಾರಸಿ ಕೆಲಸ. ಈಗ ಅತ್ತೆ ಇಲ್ಲ. ಮಗಳು ಮದುವೆಯಾಗಿ ಉಡುಪಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಅಡ್ಡಿ ಎಂದರೆ ನಾಯಿ ಒಂದೇ. ಮಗಳ ಫ್ಲ್ಯಾಟಿಗೆ ನಾಯಿ ತರುವಂತಿಲ್ಲ. ಮಣಿಪಾಲದಲ್ಲಿ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಜಾಗವನ್ನು ನೋಡಿ ಬಂದೆ. ಒಂದೊಂದಕ್ಕೆ ಒಂದೊಂದು ಗೂಡು. ಅಲ್ಲಿದ್ದ ಒಂದು ದೊಡ್ಡ ನಾಯಿ ಬಾಗಿಲು ನೋಡುತ್ತಾ ಅಳುತ್ತಿತ್ತು. ನಮ್ಮದು ಇಲ್ಲಿ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ.

ಅವರಿಗೆ ಹೇಳಿದಾಗ, ಹಾಗಾದರೆ ಅದಕ್ಕೂ ಒಂದು ಕೋಟು ಹೊಲಿಸಿ ಕರೆದುಕೊಂಡು ಬಾ ಎಂದು ತಮಾಷೆ ಮಾಡಿದರು. ಅವರಿಗದು ತಮಾಷೆ. ನನ್ನ ತಲೆಯೊಳಗೆ ಅದು ಕುಳಿತುಬಿಟ್ಟಿತು. ಮುಖ ನೆಕ್ಕುವ ಪಾಮರೇನಿಯನ್‌ಗೆ ಆಗುತ್ತದೆ, ಬೈಯುವ ಗಿಳಿಗೆ ಆಗುತ್ತದೆ, ನಮ್ಮದಕ್ಕೆ ಯಾಕೆ ಆಗಬಾರದು? ನನಗೆ ಒಂದು ಹಟ ಹಿಡಿಯಿತೆಂದರೆ ಹಿಡಿಯಿತು.

ಕಾಪು ಪೇಟೆಯ ಟೈಲರಮ್ಮ ಶಾಲೆಯ ಯೂನಿಫಾರ್ಮ್ ಹೊಲಿಯುವವರು. ನಾಯಿಯನ್ನು ಕರೆದುಕೊಂಡು ಹೋದಾಗ ಟೇಪು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು. ಎದೆಯಳತೆ ನಾನೇ ತೆಗೆದುಕೊಟ್ಟೆ. ಉಳಿದಿದ್ದ ನೀಲಿ ಬಟ್ಟೆಯಲ್ಲಿ ಹೊಲಿದರು, ಅಭ್ಯಾಸಬಲದಿಂದ ಒಂದು ಕಿಸೆಯನ್ನೂ ಇಟ್ಟರು. ಬೆನ್ನ ಮೇಲೆ ಬಿಳಿ ನೂಲಿನಲ್ಲಿ ಕನ್ನಡ ಅಕ್ಷರದಲ್ಲೇ ಸರ್ವಿಸ್ ಡಾಗ್ ಎಂದು ಬರೆದುಕೊಟ್ಟರು. ಹಾಕಿ ನೋಡಿದರೆ ಒಂದನೆಯ ಕ್ಲಾಸಿಗೆ ಹೊರಟ ಹಾಗೆ ಕಾಣುತ್ತಿತ್ತು.

ಸಮುದ್ರದ ಅಭ್ಯಾಸವಾಗಲಿ ಎಂದು ಸಂಜೆ ದೀಪಸ್ತಂಭದ ಹತ್ತಿರದ ದಂಡೆಗೆ ಕರೆದುಕೊಂಡು ಹೋದೆ. ಮಲ್ಪೆಯಲ್ಲಿ ಹುಟ್ಟಿದ ನಾಯಿ, ನೀರಿಗೆ ಹೆದರಲಿಕ್ಕಿಲ್ಲ ಎಂದು ನನ್ನ ಲೆಕ್ಕ. ಮೊದಲ ತೆರೆ ಕಾಲಿಗೆ ತಾಗಿದ್ದೇ ತಡ, ಅದು ನನ್ನನ್ನೂ ಎಳೆದುಕೊಂಡು ಓಡಿ ಚುರುಮುರಿ ಗಾಡಿಯ ಅಡಿಗೆ ಹೋಗಿ ಸೇರಿತು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಕೋಟು ತೊಟ್ಟ ನಾಯಿ ಗಾಡಿಯ ಅಡಿಯಲ್ಲಿ, ಸೀರೆ ಒದ್ದೆಯಾದ ನಾನು ಮರಳಿನಲ್ಲಿ ಮಂಡಿಯೂರಿ. ಜನ ಮೊಬೈಲಿನಲ್ಲಿ ಚಿತ್ರ ತೆಗೆದರು. ಇದೆಲ್ಲ ಯಾರಿಗಾಗಿ ಎಂದು ಅವರಿಗೆ ಗೊತ್ತಿರಲಿಲ್ಲ.

ಮುಂದಿನದು ಕಾಗದ. ಕಾರ್ಕಳದಲ್ಲಿ ನನ್ನ ತವರಿನ ಕಡೆಯ ಒಬ್ಬರು ಪ್ರಾಣಿ ಡಾಕ್ಟರು ಇದ್ದಾರೆ. ಬಸ್ಸಿಗೆ ನಾಯಿಯನ್ನು ಹತ್ತಿಸಲಿಕ್ಕಿಲ್ಲ ಎಂದು ಕಂಡಕ್ಟರು ಕೈ ಅಡ್ಡ ಹಿಡಿದರು. ಇದು ಸರ್ವಿಸ್ ನಾಯಿ ಎಂದು ಕೋಟು ತೋರಿಸಿದೆ. ಅವರು ಓದಿ, ಹಾಗಾದರೆ ಸರ್ವಿಸ್ ಬಸ್ಸಿನ ಹಾಗೆ ಇದೂ ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ ಅಲ್ವಾ ಎಂದು ನಕ್ಕು ಹಿಂದಿನ ಸೀಟಿಗೆ ಬಿಟ್ಟರು. ನನಗೆ ಹಡಗಿಗೇ ಹತ್ತಿದಷ್ಟು ಸಂತೋಷವಾಯಿತು. ಶಿರ್ವದಲ್ಲಿ ಒಬ್ಬರು ಮೀನಿನ ಬುಟ್ಟಿ ಹಿಡಿದು ಹತ್ತಿದರು. ಕೋಳಿಯ ತುಂಡನ್ನೂ ನೋಡದ ಆ ಹಡಗಿನ ನಾಯಿ ನನಗೆ ಆಗ ನೆನಪಾಯಿತು, ಏಕೆಂದರೆ ನಮ್ಮದರ ತಲೆ ಅಷ್ಟರಲ್ಲಿ ಬುಟ್ಟಿಯೊಳಗೆ ಇತ್ತು. ಉಳಿದ ದಾರಿಗೆ ರಿಕ್ಷಾ ಹಿಡಿದೆವು.

ಡಾಕ್ಟರು ಇಂಜೆಕ್ಷನ್ ಕೊಟ್ಟರು, ಆರೋಗ್ಯವಾಗಿದೆ ಎಂದು ಪುಸ್ತಕದಲ್ಲಿ ಬರೆದರು. ಇದು ಸಹಾಯದ ನಾಯಿ ಎಂದು ಒಂದು ಸಾಲು ಬರೆಯಿರಿ ಎಂದೆ. ಅವರು ಕನ್ನಡಕ ತೆಗೆದಿಟ್ಟು ಸಾವಧಾನವಾಗಿ ವಿವರಿಸಿದರು. ಅಂಥ ಕಾಗದ ಬೇಕಾದರೆ ರೋಗ ಇರಬೇಕಾದದ್ದು ನಾಯಿಗಲ್ಲ, ನನಗೆ. ಅದನ್ನು ಬರೆಯಬೇಕಾದವರು ಮನುಷ್ಯರ ಡಾಕ್ಟರು. ಸರಿ, ರೋಗ ಬೇಕಾದರೆ ಮಣಿಪಾಲದ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಇಡೀ ಜಿಲ್ಲೆ ಅಲ್ಲಿಗೇ ಹೋಗುವುದು.

ಯಾವ ರೋಗ ಎಂದು ಮಗಳು ಮೊಬೈಲಿನಲ್ಲಿ ಹುಡುಕಿ ಕೊಟ್ಟಳು. ಎದೆ ಡವಡವ, ಅಂಗೈ ಬೆವರುವುದು, ನಿದ್ದೆ ಬಾರದಿರುವುದು, ಜನರನ್ನು ಕಂಡರೆ ಹೆದರಿಕೆ. ಉಡುಪಿಯಿಂದ ಮಣಿಪಾಲದವರೆಗೆ ಬಸ್ಸಿನಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡೆ. ಮನಸ್ಸಿನ ಕಾಯಿಲೆಯ ಡಾಕ್ಟರು ಒಬ್ಬ ಹೆಂಗಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಕುಳಿತ ಕೂಡಲೇ ಪಾಠ ಒಪ್ಪಿಸಿದೆ. ಜನರನ್ನು ಕಂಡರೆ ಹೆದರಿಕೆ ಎಂದಾಗ ಅವರಿಗೆ ನಗು ಬಂತು. ಹೊರಗೆ ಕಾಯುತ್ತಾ ಅರ್ಧ ಗಂಟೆ ನಾನು ಎಲ್ಲರ ಹತ್ತಿರ ಹರಟಿದ್ದು ಒಳಗೆ ಕೇಳಿಸುತ್ತಿತ್ತಂತೆ.

ನನಗೆ ನಾಚಿಕೆಯಾಯಿತು. ಅವರು ಬೈಯಲಿಲ್ಲ. ಸುಮ್ಮನೆ ದಿನ ಹೇಗೆ ಹೋಗುತ್ತದೆ ಎಂದು ಕೇಳಿದರು. ಹೇಗೆ ಮಲಗುತ್ತೀರಿ ಎಂದು ಕೇಳಿದರು. ಬಾಯಿಪಾಠ ಮಾಡಿದ್ದೆಲ್ಲ ಮುಗಿದುಹೋಗಿತ್ತು, ಹಾಗಾಗಿ ಇದ್ದದ್ದನ್ನೇ ಹೇಳಿದೆ. ಮಂಚದಲ್ಲಿ ಗೋಡೆಯ ಕಡೆ ನಾನು. ಇನ್ನೊಂದು ಕಡೆ ನನ್ನ ಗಂಡನದು. ಅವರ ದಿಂಬಿನ ಕವರನ್ನು ಪ್ರತಿ ವಾರ ಒಗೆಯುತ್ತೇನೆ. ಯಾರೂ ತಲೆ ಇಡದ ದಿಂಬನ್ನು ಯಾಕೆ ಒಗೆಯುವುದು ಎಂದು ಡಾಕ್ಟರು ಕೇಳಿದರು. ಯಾಕೆ ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಊಟ? ಅನ್ನ ಇಬ್ಬರಿಗೆ ಇಡುತ್ತೇನೆ, ಬಂಗುಡೆ ತಂದರೂ ಇಬ್ಬರಿಗಾಗುವಷ್ಟು. ಅವರ ಪಾಲನ್ನು ನಾಯಿ ತಿನ್ನುತ್ತದೆ. ಒಬ್ಬಳಿಗೆ ಅಕ್ಕಿ ಅಳೆಯಲಿಕ್ಕೆ ನನಗೆ ಕೈ ಬರುವುದಿಲ್ಲ.

ಕಡೆಗೆ ಡಾಕ್ಟರು, ಹಡಗಿನ ಅಧಿಕಾರಿ ಕೇಳುವ ಪ್ರಶ್ನೆಯನ್ನೇ ಕೇಳಿದರು. ಈ ನಾಯಿ ನಿಮಗೆ ಏನು ಸಹಾಯ ಮಾಡುತ್ತದೆ?

"ಎಂತದೂ ಮಾಡುವುದಿಲ್ಲ ಡಾಕ್ಟ್ರೇ," ಎಂದೆ. "ಅವರು ಹೋದ ಮೇಲೆ ಗೇಟಿನ ಹತ್ತಿರ ಮಲಗಿ ಕಾಯ್ತದೆ. ಊಟ ಬಿಡ್ತದೆ. ನನಗೆ ಹಾಗೆ ಕೂರ್ಲಿಕ್ಕೆ ಆಗುವುದಿಲ್ಲ ಅಲ್ವಾ, ದಾರಿಯಲ್ಲಿ ಹೋಗುವವರು ಎಂತ ಹೇಳಿಯಾರು. ಅದಕ್ಕೆ ನನ್ನದನ್ನೂ ಅದೇ ಕಾಯ್ತದೆ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಇಪ್ಪತ್ತೆರಡು ವರ್ಷ ಬಿಗಿಹಿಡಿದಿದ್ದ ಅಳು ಒಮ್ಮೆಲೇ ಬಂತು. ಆ ಡಾಕ್ಟರು ನೀರು ಕೊಟ್ಟು, ಪೆನ್ನು ಮುಚ್ಚಿಟ್ಟರು.

ಅಳು ನಿಂತ ಮೇಲೆ, ಹಡಗಿಗೆ ಹೋಗಲು ನಿಜವಾಗಿ ಇಷ್ಟವಿದೆಯೇ ಎಂದು ಕೇಳಿದರು. ಕೋಟು ಹೊಲಿಸಿ, ಕಡಲದಂಡೆಯಲ್ಲಿ ಒದ್ದೆಯಾಗಿ, ಕಾರ್ಕಳಕ್ಕೆ ಅಲೆದವಳನ್ನು ಕೇಳುವ ಪ್ರಶ್ನೆಯೇ ಅದು? ಆದರೂ ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಐದು ದಿನ ಅವರ ಹತ್ತಿರ ಇರುವುದು. ಆರನೆಯ ದಿನ ನಾನೇ ಮೆಟ್ಟಿಲಿಳಿದು ಬರುವುದು. ಇದುವರೆಗೆ ಬಿಟ್ಟುಹೋಗುವ ಕೆಲಸವನ್ನು ಅವರು ಮಾಡುತ್ತಿದ್ದರು, ಇನ್ನು ಅದನ್ನೂ ನಾನೇ ಮಾಡಬೇಕು. ನನಗೆ ಹಡಗು ಬೇಡವಾಗಿತ್ತು. ಅವರು ಮನೆಗೆ ಬರುವುದು ಬೇಕಾಗಿತ್ತು, ಪೂರ್ತಿಯಾಗಿ. ಮನೆ ಕಟ್ಟಿ ಆಗಿದೆ, ಮಗಳ ಮದುವೆ ಆಗಿದೆ, ಇನ್ನು ಯಾವುದಕ್ಕಾಗಿ ಈ ದೂರ?

ಇದನ್ನು ಅವರಿಗೆ ಹೇಳಿದ್ದೀರಾ ಎಂದು ಡಾಕ್ಟರು ಕೇಳಿದರು. ಇಲ್ಲ, ಅವರು ನೀರಿನ ಮೇಲೆ ಇರುವವರು ಎಂದು ಅತ್ತೆಯ ಪಾಠ ಒಪ್ಪಿಸಿದೆ. ಕಾಗದ ಕೊಡಲಿಕ್ಕೆ ಆಗುವುದಿಲ್ಲ, ನಿಮಗೆ ರೋಗವಿಲ್ಲ ಎಂದರು ಡಾಕ್ಟರು. ನನಗೆ ಹೇಳಿದ್ದನ್ನು ಅವರಿಗೆ ಹೇಳಿ ಎಂದು ಕಳುಹಿಸಿಕೊಟ್ಟರು. ಟೈಗರ್ ಸರ್ಕಲ್‌ನಲ್ಲಿ ಬಸ್ಸಿಗೆ ನಿಂತಾಗ ನನಗೆ ಆ ಡಾಕ್ಟರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಕಾಗದಕ್ಕೆಂದು ಹೋದವಳನ್ನು ಬರಿಗೈಯಲ್ಲಿ ಕಳುಹಿಸಿದ್ದಲ್ಲದೆ ಅಳಿಸಿಯೂ ಬಿಟ್ಟರಲ್ಲ ಎಂದು.

ಆ ಆದಿತ್ಯವಾರ ಬೆಳಿಗ್ಗೆ ಫೋನು ಬಂತು. ನಾನು ಹಿಂದಿನ ಜಗಲಿಯಲ್ಲಿ ಬಸಳೆ ಕೊಯ್ಯುತ್ತಿದ್ದೆ. ನಾಯಿಯ ಕಾಗದ ಸಿಕ್ಕಿತಾ, ಅದಕ್ಕೆ ಬಾಲ್ಕನಿ ರೂಮು ಹೇಳಿ ಇಡಲಾ ಎಂದು ಅವರು ನಗುತ್ತಾ ಶುರುಮಾಡಿದರು. ಕತ್ತಿ ಕೆಳಗಿಟ್ಟೆ.

"ನಾನು ಬರುವುದಿಲ್ಲ," ಎಂದೆ. "ನೀವು ಬನ್ನಿ."

"ಎರಡು ತಿಂಗಳಲ್ಲಿ ಬರ್ತೇನಲ್ಲ ಮಾರಾಯ್ತಿ."

"ರಜೆಗೆ ಅಲ್ಲ. ಪೂರಾ ಬನ್ನಿ. ನನಗೆ ನೀವು ಇಲ್ಲದೆ ಸಾಕಾಗಿದೆ."

ಅವರ ಸ್ವರ ಬಂತು, ಬಹಳ ಸಣ್ಣದಾಗಿ.

"ಮೊನ್ನೆ ಶುಕ್ರವಾರ ಇನ್ನೊಂದು ಕಾಂಟ್ರ್ಯಾಕ್ಟಿಗೆ ಸಹಿ ಹಾಕಿ ಆಯಿತು. ನೀನು ಒಂದು ಸಲ, ಒಂದೇ ಒಂದು ಸಲ ಬೇಡ ಅಂದಿದ್ದರೆ ನಾನು ಹತ್ತು ವರ್ಷದ ಹಿಂದೆಯೇ ಬರ್ತಿದ್ದೆ. ನಿನಗೆ ಅಭ್ಯಾಸ ಆಗಿದೆ ಅಂತ ನಾನು ತಿಳ್ಕೊಂಡಿದ್ದೆ."

ಮತ್ತೆ ಅವರು ಹೇಳುತ್ತಾ ಹೋದರು. ರಜೆಗೆ ಬಂದರೆ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತನಗೆ ಗೊತ್ತಿರುವುದಿಲ್ಲ, ಹುಡುಕುವಷ್ಟರಲ್ಲಿ ನಾನು ತಂದುಕೊಡುತ್ತೇನೆ. ಊರವರು ಎದುರು ಸಿಕ್ಕಿದರೆ ಯಾವಾಗ ಬಂದದ್ದು ಎಂದು ಕೇಳಿ, ಅದೇ ಉಸಿರಿನಲ್ಲಿ ಯಾವಾಗ ಹೋಗುವುದು ಎಂದು ಕೇಳುತ್ತಾರೆ. ತಾನಿಲ್ಲದೆ ಆ ಮನೆ ಚೆನ್ನಾಗಿ ನಡೆಯುತ್ತಿದೆ, ಫೋನಿನಲ್ಲಿ ಎಂದೂ ಒಂದು ಕೊರತೆ ಕೇಳಿಲ್ಲ, ನಡುವೆ ಹೋಗಿ ತಾನು ಯಾಕೆ ಅಡ್ಡಿಯಾಗಬೇಕು ಎಂದು ಪ್ರತಿ ಸಲವೂ ಸಹಿ ಹಾಕಿದ್ದಂತೆ. ನಾನು ಅಷ್ಟು ವರ್ಷ ಅವರ ಮನಸ್ಸು ಕೆಡದಿರಲಿ ಎಂದು ನೋಡಿಕೊಂಡದ್ದಕ್ಕೆ ಸಿಕ್ಕಿದ ಫಲ ಇದು. ನಮ್ಮಿಬ್ಬರ ಹತ್ತು ವರ್ಷವನ್ನು ನಾವಿಬ್ಬರೂ ಸೇರಿ ಮರ್ಯಾದೆಯಿಂದ ಹಾಳುಮಾಡಿದೆವು. ಅತ್ತೆಯನ್ನು ಬೈಯೋಣವೆಂದರೆ ಅವರೂ ಇಲ್ಲ.

ಸಹಿ ಹಾಕಿದ ಮೇಲೆ ಬಿಟ್ಟು ಬರಲು ಕಂಪೆನಿಯವರು ಒಪ್ಪಲಿಲ್ಲ. ರಜೆಯ ಎರಡು ತಿಂಗಳು ಬಂದರು, ಇದ್ದರು, ಹೋದರು. ಇದೇ ಕಡೆಯದು ಎಂದಿದ್ದಾರೆ. ಕಡೆಯದು ಎಂದಾಗಲೇ ದಿನಗಳು ಉದ್ದವಾದದ್ದು. ಮೊದಲಿನ ಒಂಬತ್ತು ತಿಂಗಳುಗಳನ್ನು ನಾನು ಹೇಗೋ ತಳ್ಳಿದೆ, ಇವು ಸರಿಯುತ್ತಲೇ ಇಲ್ಲ.

ಈಗ ಆರನೆಯ ತಿಂಗಳು. ಆದಿತ್ಯವಾರ ಫೋನು ಬರುತ್ತದೆ. ಊರಲ್ಲಿ ಎಂತ ವಿಶೇಷ ಎಂದು ಕೇಳುತ್ತಾರೆ.

"ನೀವಿಲ್ಲ," ಎನ್ನುತ್ತೇನೆ.

"ಹೌದು, ನಾನಿಲ್ಲ," ಎನ್ನುತ್ತಾರೆ.